ಬಿ.ಎಚ್. ರೋಡ್ ಬಿಟ್ಟು

ನಮ್ಮೂರಿಂದ ತಿಪಟೂರಿನ ನಮ್ಮ ಕಾಲೇಜಿಗೆ ಬಿ.ಎಚ್. ರೋಡ್ ಮೇಲೆ ಬಂದರೆ 13 ಕಿಲೋಮೀಟರ್. ನಾನು ಸೈಕಲ್ ತುಳಿದು ಬರೋದು 19 ಕಿಲೋಮೀಟರ್. ಈ ಆರು ಕಿಲೋಮೀಟರ್ ಯಾಕೆ ಹೆಚ್ಚಿಗೆ ತುಳೀತೀಯ ಅಂತ ಕ್ಲಾಸಲ್ಲಿ ಕೇಳದವರಿಲ್ಲ. ಇಷ್ಟು ದಿನ "ಫಿಟ್‌ನೆಸ್ ಕಣ್ರೋ" ಅಂತ ಹೇಳಿ ತಪ್ಪಿಸ್ಕೊಂಡಿದ್ದೆ. ಈಗ ಏಳನೇ ಸೆಮಿಸ್ಟರ್. ಕನ್ನಡ ಸಂಘದವರು ಏನಾದ್ರೂ ಬರಿ ಅಂತ ಮೂರು ವರ್ಷದಿಂದ ಬೆನ್ನು ಹತ್ತಿದ್ದಾರೆ. ಹಾಗಾಗಿ ನಿಜ ಹೇಳಿಬಿಡ್ತೀನಿ.

ನಮ್ಮೂರು ಅರಳಗುಪ್ಪೆಯಿಂದ ಸ್ವಲ್ಪ ಆಚೆ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು. ಬೆಳಗಿನದು ತಿಪಟೂರು ಮುಟ್ಟೋದು ಹತ್ತು ಗಂಟೆ ಮೇಲೆ. ನಮ್ಮ ಫಸ್ಟ್ ಅವರ್ ಒಂಬತ್ತಕ್ಕೆ. ಮೊದಲ ಸೆಮಿಸ್ಟರಲ್ಲೇ ಅಟೆಂಡೆನ್ಸ್ ಶಾರ್ಟೇಜ್ ಲಿಸ್ಟಲ್ಲಿ ನನ್ನ ಹೆಸರು ಮೇಲಿಂದ ಎರಡನೆಯದು. ಹಾಸ್ಟೆಲ್ ಸೇರ್ತೀನಿ ಅಂದೆ. ಫೀಸು ಎಷ್ಟು ಅಂತ ಕೇಳಿದ ಅಪ್ಪ ಎರಡು ದಿನ ಮಾತಾಡಲಿಲ್ಲ. ಅವರ ತಪ್ಪಲ್ಲ. ಅದು 2023. ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಅಂತ ಕ್ವಿಂಟಲ್ಲಿಗೆ 11,750 ರೂಪಾಯಿ ಇತ್ತು, ಮಂಡೀಲಿ ಕೇಳ್ತಿದ್ದದ್ದು ಅದಕ್ಕಿಂತ ಎಷ್ಟೋ ಕಡಿಮೆ. ವರ್ಷಗಟ್ಟಲೆ ಅಟ್ಟದ ಮೇಲೆ ಒಣಗಿಸಿದ ಕಾಯಿ ಇಳಿಸೋಕೂ ಮನಸ್ಸಿಲ್ಲದೆ ಊರೆಲ್ಲ ಕೂತಿತ್ತು.

ಆ ಅಟ್ಟದ ಕೆಳಗೇ ಗೋಡೆಗೆ ಒರಗಿಸಿಟ್ಟಿದ್ದ ಸರ್ಕಾರಿ ಸೈಕಲ್ ಅವತ್ತು ಕಣ್ಣಿಗೆ ಬಿತ್ತು. ನಿಮ್ಮಲ್ಲೂ ಅರ್ಧ ಜನಕ್ಕೆ ಅದು ಗೊತ್ತಿರುತ್ತೆ: ಎಂಟನೇ ಕ್ಲಾಸಿನ ಮಕ್ಕಳಿಗೆ 2006-07ರಿಂದ ಕೊಡೋಕೆ ಶುರು ಮಾಡಿದ ಸೈಕಲ್. ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18, ಗೇರು ಗೀರು ಏನಿಲ್ಲ. ಪೆಡಲ್ ಒಂದು ಸುತ್ತು ತಿರುಗಿಸಿದರೆ ಸುಮಾರು 5 ಮೀಟರ್ ಹೋಗುತ್ತೆ. ಸೆಕೆಂಡಿಗೆ ಒಂದು ಸುತ್ತು ತುಳಿದರೆ ಗಂಟೆಗೆ 18 ಕಿಲೋಮೀಟರ್. ಇಡೀ ಸೈಕಲ್ಲಿನ ಪರ್ಫಾರ್ಮೆನ್ಸ್ ರಿಪೋರ್ಟ್ ಇಷ್ಟೇ. ಎರಡು ಟೈರು, ಎರಡು ಟ್ಯೂಬು, ಒಂದು ಚೈನು ಹಾಕಿಸಿ ಸಿದ್ಧ ಮಾಡಿದೆ.

ಹೊರಡೋ ದಿನ ಅಮ್ಮ ಹೊಸಿಲಲ್ಲಿ ಅಡ್ಡ ನಿಂತಳು. "ಬಿ.ಎಚ್. ರೋಡಿಗೆ ಸೈಕಲ್ ಇಳಿಸಲ್ಲ ಅಂತ ನನ್ ತಲೆ ಮೇಲೆ ಕೈ ಇಟ್ಟು ಹೇಳು. ಆಮೇಲೆ ಎಲ್ಲಿಗಾದ್ರೂ ಹೋಗು."

ಇಟ್ಟೆ. ಯಾಕೆ ಅಂತ ಕೇಳೋ ಹಾಗಿರಲಿಲ್ಲ. ಕಾರಣ ಜಗಲಿ ಮೇಲೆ ಕೂತು ಕೊಬ್ಬರಿ ಸುಲೀತಿತ್ತು.

ನನ್ನ ಮಾವ, ಅಂದ್ರೆ ಅಮ್ಮನ ತಮ್ಮ. ಅಮ್ಮನ ತವರು ಪಕ್ಕದ ಊರೇ. 2009ರಲ್ಲಿ ಒಂದಿನ ಮಂಡಿಗೆ ಹೋಗಿ ಕೊಬ್ಬರಿ ರೇಟು ನೋಡ್ಕೊಂಡು ಸೈಕಲ್ಲಲ್ಲಿ ವಾಪಸ್ ಬರ್ತಿದ್ದಾಗ ಕರಡಿ ಹತ್ತಿರ ಹಿಂದಿನಿಂದ ಲಾರಿ ಸವರಿಕೊಂಡು ಹೋಯ್ತು. ನಿಲ್ಲಿಸಲಿಲ್ಲ. ಮಾವನ ಬಲಮಂಡಿ ಅವತ್ತಿಂದ ಮಡಚಲ್ಲ. ಬೆಂಗಳೂರಿಂದ ಹೊನ್ನಾವರಕ್ಕೆ ಹೋಗೋ ರಸ್ತೆ ಅಂತ ಅದಕ್ಕೆ ಬಿ.ಎಚ್. ರೋಡ್ ಅನ್ನೋ ಹೆಸರು. ನಮ್ಮನೇಲಿ ಆ ಹೆಸರು ಬಂದರೆ ಮಾತು ನಿಲ್ಲುತ್ತೆ.

ಸರಿ, ದಾರಿ? ಗೂಗಲ್ ಮ್ಯಾಪಲ್ಲಿ ನಡೆಯೋರ ದಾರಿ ಅಂತ ಹಾಕಿ ಹೊರಟೆ. ಮೊದಲ ದಿನ ಯಾರದೋ ತೋಟದ ಪಂಪ್‌ಹೌಸ್ ಮುಂದೆ ದಾರಿ ಮುಗೀತು. ಎರಡನೇ ದಿನ ಎರಡು ನಾಯಿ. ಮೂರನೇ ದಿನ ರೈಲ್ವೆ ಅಂಡರ್‌ಪಾಸಲ್ಲಿ ಸೊಂಟದ ತನಕ ನೀರು. ಮೂರೂ ದಿನ ಫಸ್ಟ್ ಅವರ್ ಹೋಯ್ತು. ನಾಲ್ಕನೇ ಸೆಮಿಸ್ಟರಲ್ಲಿ ಡೈಕ್‌ಸ್ಟ್ರಾ ಅಲ್ಗಾರಿದಮ್ ಪಾಠ ಮಾಡುವಾಗ ನಂಗೆ ನಗು ತಡೆಯೋಕಾಗಲಿಲ್ಲ. ನನ್ನ ಗ್ರಾಫಲ್ಲಿ ಬಿ.ಎಚ್. ರೋಡಿನ ವೆಯ್ಟ್ ಇನ್ಫಿನಿಟಿ, ನಾಯಿ ಇರೋ ಮನೆಗೆ ಐವತ್ತು, ಕೆರೆ ಏರಿ ಮೇಲಿನ ಟೀ ಅಂಗಡಿಗೆ ಮೈನಸ್ ಹತ್ತು. ನೆಗೆಟಿವ್ ವೆಯ್ಟ್ ಇದ್ರೆ ಡೈಕ್‌ಸ್ಟ್ರಾ ಕೆಲಸ ಮಾಡಲ್ಲ ಅಂತ ಮೇಡಂ ಹೇಳಿದ್ರು. ನಿಜ, ಟೀ ಅಂಗಡಿ ಸಿಕ್ಕಿದ ದಿನ ನಾನೂ ಕೆಲಸ ಮಾಡಲ್ಲ.

ನಾಲ್ಕನೇ ದಿನ ಸಂಜೆ ಮುಖ ಊದಿಸ್ಕೊಂಡು ಜಗಲಿ ಮೇಲೆ ಕೂತಿದ್ದೆ. ಮಾವ ಸುಟ್ಟ ಚಿಪ್ಪಿನ ಇದ್ದಿಲು ತಗೊಂಡು ಗಾರೆ ನೆಲದ ಮೇಲೆ ಗೀಚೋಕೆ ಶುರು ಮಾಡಿದ.

"ಇದು ನಮ್ಮೂರ ಕೆರೆ. ಕೋಡಿ ದಾಟಿ ಎಡಕ್ಕೆ. ಇಲ್ಲೊಂದು ಕಟ್ಟೆ. ಇಲ್ಲಿ ಮೂರು ಹುಣಸೆ ಮರ. ಆಮೇಲೆ ಇನ್ನೊಂದು ಕೆರೆ, ಅದರ ಏರಿ ಮೇಲೇ ಹೋಗ್ಬೇಕು. ಅಲ್ಲಿಂದ ನೊಣವಿನಕೆರೆ ರೋಡು ಸಿಕ್ತದೆ, ಅದು ಸೀದಾ ಟೌನಿಗೆ."

"ಇದ್ಯಾವ್ ದಾರಿ ಮಾವ?"

"ಬಂಡಿ ದಾರಿ ಕಣ್ಲಾ. ನಿಮ್ ತಾತ ಸಂತೆಗೆ ಕಾಯಿ ಹೇರ್ಕೊಂಡು ಹೋಗ್ತಿದ್ದ ದಾರಿ."

ಮಾರನೇ ದಿನ ಆ ದಾರೀಲಿ ಹೋದೆ. ಡಾಂಬರು ಹಾಕಿದಾರೆ, ಅಲ್ಲಲ್ಲಿ ಕಿತ್ತಿದೆ, ಆದ್ರೆ ದಾರಿ ಅದೇ. ಯಾಕೆ ಹೀಗೆ ಸುತ್ತುತ್ತೆ ಅಂತ ಮೊದಲ ವಾರ ಬೈಕೊಂಡೆ. ಆಮೇಲೆ ತುಳೀತಾ ತುಳೀತಾ ಅರ್ಥ ಆಯ್ತು: ಅದು ಎತ್ತುಗಳಿಗೆ ಅಂತ ಆದ ದಾರಿ. ಎತ್ತಿಗೆ ನೀರು ಬೇಕು, ಅದಕ್ಕೆ ಕೆರೆಯಿಂದ ಕೆರೆಗೆ ಹೋಗುತ್ತೆ. ಹೇರಿದ ಬಂಡಿ ಏರು ಹತ್ತಲ್ಲ, ಅದಕ್ಕೆ ದಿಬ್ಬ ಬಂದ ಕಡೆಯೆಲ್ಲ ಬಳಸುತ್ತೆ. ಗೇರಿಲ್ಲದ ಸೈಕಲ್ಲಿಗೂ ಬೇಕಾಗಿರೋದು ಇದೇ ತಾನೆ. 19 ಕಿಲೋಮೀಟರಲ್ಲಿ ನಾನು ಇಳಿದು ತಳ್ಳೋ ಏರು ಒಂದೇ ಒಂದು. ಅದು ಆಮೇಲೆ ಪಂಚಾಯ್ತಿಯವರು ನೇರ ಮಾಡಿದ ಜಾಗ.

ಈ ಮೂರು ವರ್ಷದಲ್ಲಿ ಆ ದಾರೀಲಿ ನನಗೆ ಎದುರಾದದ್ದು ಹಾಲಿನ ಕ್ಯಾನಿನ ಎಕ್ಸೆಲ್ಲುಗಳು, ಮಟ್ಟೆ ತುಂಬಿದ ಟ್ರ್ಯಾಕ್ಟರು, ಕುರಿ ಮಂದೆ, ಒಂದು ಸ್ಕೂಲ್ ವ್ಯಾನು. ಆರೂವರೆಗೆ ಹೊರಟರೆ ಮೊದಲ ಕೆರೆ ಹತ್ತಿರ ಮಂಜು ಇನ್ನೂ ನೀರಿನ ಮೇಲೇ ಇರುತ್ತೆ. ಅಕ್ಟೋಬರಲ್ಲಿ ರಾಗಿ ಹೊಲದ ಮಧ್ಯ ಸಾಲು ಸಾಲು ಹುಚ್ಚೆಳ್ಳು ಹಳದಿ ಹೂ ಬಿಟ್ಟಿರುತ್ತೆ. ಮೂರನೇ ಸೆಮಿಸ್ಟರಿನ ಮ್ಯಾಥ್ಸ್ ಫಾರ್ಮುಲಾಗಳೆಲ್ಲ ನಾನು ಬಾಯಿಪಾಠ ಮಾಡಿದ್ದು ಇದೇ ರೋಡಲ್ಲಿ ಜೋರಾಗಿ ಹೇಳ್ಕೊಂಡು. ಕುರಿ ಕಾಯೋ ಒಬ್ಬ ಅಜ್ಜ ನಾನು ಮಂತ್ರ ಹೇಳ್ತೀನಿ ಅಂತ ಇವತ್ತಿಗೂ ನಂಬಿದಾನೆ.

ಎಲ್ಲಾ ಚೆಂದ ಅಂತೇನಿಲ್ಲ. ಡಿಸೆಂಬರ್ ಬಂತು ಅಂದ್ರೆ ರೋಡೇ ಕಣ. ಹುರುಳಿ ಗಿಡ ಕಿತ್ತು ತಂದು ಡಾಂಬರಿನ ಮೇಲೆ ಹರಡಿಬಿಡ್ತಾರೆ; ಬಂದು ಹೋಗೋ ಗಾಡಿ ತುಳಿದು ಕಾಳು ಉದುರಲಿ ಅಂತ. ಲಾರಿಗೆ ಅದೇನೂ ಅಲ್ಲ. ಸೈಕಲ್ಲಿಗೆ ಅದು ಬಲೆ. ಎರಡನೇ ವರ್ಷ ಲ್ಯಾಬ್ ಇಂಟರ್ನಲ್ಸ್ ದಿನ ಹುರುಳಿ ಬಳ್ಳಿ ಚೈನಿಗೆ ಸುತ್ತಿಕೊಂಡು, ಹಿಂದಿನ ಚಕ್ರ ಹಿಡಿದು, ನಾನು ಮುಖ ಅಡಿಯಾಗಿ ಬಿದ್ದೆ. ಒಬ್ಬ ಅಜ್ಜಿ ಓಡಿ ಬಂದರು. "ಕಣ್ಣು ಕಾಣಲ್ವಾ, ಕಾಳೆಲ್ಲ ಚೆಲ್ಲಾಡ್ಬಿಟ್ಟೆಯಲ್ಲೋ" ಅಂತ ಬೈದರು. ಆಮೇಲೆ ಮೊಣಕೈ ನೋಡಿ, ಸೆರಗಿನ ಅಂಚು ಹರಿದು ಕಟ್ಟಿ, ಕುಡುಗೋಲಲ್ಲಿ ಚೈನಿನ ಬಳ್ಳಿ ಕುಯ್ದು ಬಿಡಿಸಿಕೊಟ್ಟರು. ಅವತ್ತು ಅದೇ ಪಟ್ಟಿ ಕಟ್ಟಿಕೊಂಡು ಲ್ಯಾಬಿಗೆ ಹೋದೆ. ಈಗ ಡಿಸೆಂಬರಲ್ಲಿ ಅಂಥ ಜಾಗ ಬಂದರೆ ಇಳಿದು ತಳ್ಳಿಕೊಂಡು ಹೋಗ್ತೀನಿ. ಅದು ಅವರ ಕಣ, ನಾವು ದಾರಿಹೋಕರು.

ಭಾನುವಾರ ಹಾಸ್ಟೆಲಲ್ಲಿ ರೀಲ್ಸ್ ನೋಡ್ಕೊಂಡು ಬಿದ್ದಿರೋರಿಗೆ ಎರಡು ದಾರಿ ಹೇಳಿಬಿಡ್ತೀನಿ. ನೊಣವಿನಕೆರೆ ಕೆರೆಗೆ ಹೋಗಿ. ಅಷ್ಟು ದೊಡ್ಡ ಕೆರೆ ಇಷ್ಟು ಹತ್ತಿರ ಇದೆ ಅಂತ ನಮ್ಮ ಕಾಲೇಜಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅಲ್ಲಿಂದ ಮುಂದೆ ವಿಘ್ನಸಂತೆಯಲ್ಲಿ ಹೊಯ್ಸಳರ ಲಕ್ಷ್ಮೀನರಸಿಂಹ ದೇವಸ್ಥಾನ ಇದೆ. ಈ ಕಡೆ ಹೇಮಾವತಿ ನಾಲೆ ಪಕ್ಕದ ಏರಿ ದಾರಿಗಳು ಸಿಗುತ್ತವೆ. ನಾಲೆಗೆ ಎಷ್ಟು ಕಡಿಮೆ ಇಳಿಜಾರು ಕೊಟ್ಟಿರ್ತಾರೆ ಅಂತ ಸಿವಿಲ್‌ನವರಿಗೆ ಗೊತ್ತು, ತುಳಿಯೋಕೆ ಆರಾಮ. ಆದ್ರೆ ತಡೆಗೋಡೆ ಇಲ್ಲದ ಕಡೆ ಕತ್ತಲಲ್ಲಿ ಹೋಗಲೇಬೇಡಿ. ಕಾಲಲ್ಲಿ ಶಕ್ತಿ ಇದ್ರೆ ಚನ್ನರಾಯಪಟ್ಟಣದ ರಸ್ತೆ ಹಿಡಿದು ನುಗ್ಗೇಹಳ್ಳಿ ತನಕ ಹೋಗಿ, 1246ರ ದೇವಸ್ಥಾನ. ಆ ರಸ್ತೆ ಬೆಳಿಗ್ಗೆ ಏಳರ ಒಳಗೆ ಮಾತ್ರ ಸುಮ್ಮನಿರುತ್ತೆ. ನಮ್ಮ ಅರಳಗುಪ್ಪೆಗೆ ಬಂದರೆ ಕಲ್ಲೇಶ್ವರನ ಗುಡಿಯ ಒಳಗೆ ಅಂಗಾತ ಮಲಗಿ ಸೂರು ನೋಡಿ. ಒಂಬತ್ತನೇ ಶತಮಾನದ ನೊಳಂಬರ ಕೆಲಸ, ಕುಣಿಯೋ ಶಿವ, ಸುತ್ತ ಅಷ್ಟದಿಕ್ಪಾಲಕರು. ನಿಂತು ನೋಡಿದರೆ ಕತ್ತು ನೋವು ಬರುತ್ತೆ ಅಷ್ಟೆ. ಟ್ಯೂಬು, ಪಂಪು, ನೀರು ಮರೀಬೇಡಿ.

ಇನ್ನು ಮಾವನ ವಿಷಯ. ದಿನಾ ಸಂಜೆ ನಾನು ಬರೋದನ್ನೇ ಕಾಯ್ತಿದ್ದ. "ಹುಣಸೆ ಮರ ಮೂರೂ ಅವೆಯಾ? ಕಟ್ಟೇಲಿ ನೀರೈತಾ?" ನಾನು ದಿನದ ವರದಿ ಒಪ್ಪಿಸ್ತಿದ್ದೆ. ಕಳೆದ ದೀಪಾವಳಿ ರಜೆಯಲ್ಲಿ ಒಂದು ಬೆಳಿಗ್ಗೆ ಅಮ್ಮ ತೋಟಕ್ಕೆ ಹೋದ ಹೊತ್ತು ನೋಡಿ, "ಲೇ, ನನ್ನೂ ಕೂರಿಸ್ಕೊಂಡು ಹೋಗು" ಅಂದ. ಕ್ಯಾರಿಯರ್ ಮೇಲೆ ಒಂದೇ ಕಡೆ ಕಾಲು ಬಿಟ್ಟು ಕೂತ. ಮಡಚದ ಕಾಲು ಪಕ್ಕಕ್ಕೆ ಚಾಚಿಕೊಂಡು, ಎದುರು ಬರೋರೆಲ್ಲ ದಾರಿ ಬಿಡಬೇಕಾಯ್ತು. ಮೂರು ಕಿಲೋಮೀಟರ್ ತನಕ ಬಾಯಿ ಮುಚ್ಚಲಿಲ್ಲ: ಇದು ಇಂಥವರ ಹೊಲ, ಇಲ್ಲಿ ಬಂಡಿ ಮಗುಚಿತ್ತು, ಇಲ್ಲಿ ನಿಮ್ಮಮ್ಮ ಚಪ್ಪಲಿ ಕಳ್ಕೊಂಡಿದ್ದು. ಹುಣಸೆ ಮರದ ಹತ್ತಿರ ಬಂದ ಮೇಲೆ ಸುಮ್ಮನಾದ. ಅಲ್ಲಿಂದ ಬಲಕ್ಕೆ ಒಂದು ಮಣ್ಣಿನ ದಾರಿ ಕರಡಿ ಕಡೆಗೆ, ಬಿ.ಎಚ್. ರೋಡಿಗೆ ಹೋಗುತ್ತೆ.

"ಆ ಕಡೆ ತಿರುಗಿಸು."

"ಬೇಡ ಮಾವ. ಅಮ್ಮಂಗೆ ಆಣೆ ಇಟ್ಟಿದೀನಿ."

"ಏನಂತ?"

"ಬಿ.ಎಚ್. ರೋಡಿಗೆ ಸೈಕಲ್ ಇಳಿಸಲ್ಲ ಅಂತ."

"ಸೈಕಲ್ ತಾನೆ?" ಅಂದ ಮಾವ.

ಹೆದ್ದಾರಿಗೆ ನೂರು ಹೆಜ್ಜೆ ಇದೆ ಅನ್ನುವಾಗ ಸೈಕಲ್ಲನ್ನ ಒಂದು ತೆಂಗಿನ ಮರಕ್ಕೆ ಒರಗಿಸಿ ಬೀಗ ಹಾಕಿದೆ. ಮಾವ ನನ್ನ ಹೆಗಲು ಹಿಡಿದು ನಡೆದ. ಆ ನೂರು ಹೆಜ್ಜೆಗೆ ಹತ್ತು ನಿಮಿಷ ಆಯ್ತು. ರಸ್ತೆ ಅಂಚಲ್ಲಿ ನಿಂತ. ನಾಲ್ಕು ಪಥ ಮಾಡೋ ಕೆಲಸಕ್ಕೆ ಜಲ್ಲಿ, ಮಣ್ಣು ಗುಡ್ಡೆ ಹಾಕಿದ್ರು. ಲಾರಿ ಒಂದರ ಹಿಂದೆ ಒಂದು ಹೋಗ್ತಾ ಇತ್ತು, ಒಂದೊಂದು ಹೋದಾಗಲೂ ಮಾವನ ಕೈ ನನ್ನ ಹೆಗಲ ಮೇಲೆ ಬಿಗಿಯಾಗ್ತಿತ್ತು. ಆ ಜಾಗ ಇದೇನಾ ಅಂತ ಕೇಳೋಕೆ ನಂಗೆ ಧೈರ್ಯ ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವನೇ ಅಂದ: "ಗುರ್ತೇ ಸಿಗಲ್ಲ ಬಿಡು. ಆಗ ಇಲ್ಲೊಂದು ಮೋರಿ ಇತ್ತು." ಇನ್ನೂ ಎರಡು ಲಾರಿ ಹೋಗೋ ತನಕ ನಿಂತಿದ್ದು, "ನಡಿ, ಹಸಿವಾಯ್ತದೆ" ಅಂತ ತಿರುಗಿದ.

ಮನೆಗೆ ಬಂದಾಗ ಅಮ್ಮ ತೋಟದಿಂದ ಬಂದಾಗಿತ್ತು. ಮುದ್ದೆ ಕೋಲು ಕೈಯಲ್ಲಿ ಹಿಡ್ಕೊಂಡೇ ಹೊರಗೆ ಬಂದಳು. ನನ್ನನ್ನ ನೋಡಲಿಲ್ಲ, ತಮ್ಮನ ಚಪ್ಪಲಿಗೆ ಮೆತ್ತಿದ್ದ ಕೆಂಪು ಮಣ್ಣು ನೋಡಿದಳು.

"ಯಾವ್ ದಾರೀಲಿ ಹೋಗಿದ್ರಿ?"

"ಬಂಡಿ ದಾರೀಲಿ ಕಣಕ್ಕ" ಅಂದ ಮಾವ.

ಅಮ್ಮ ಒಂದು ಗಳಿಗೆ ಸುಮ್ಮನಿದ್ದು, "ಹುಣಸೆ ಮರ ಅವೆಯಾ?" ಅಂದಳು.

"ಮೂರೂ ಅವೆ."

"ಕೈ ತೊಳ್ಕೊಂಡು ಬನ್ನಿ" ಅಂತ ಒಳಗೆ ಹೋದಳು.