ಲಿಸ್ಬನ್ನಿನ ಅರಸ, ಗೇರುಸೊಪ್ಪೆಯ ರಾಣಿ

ಹದಿನಾರು-ಹದಿನೇಳನೆಯ ಶತಮಾನಗಳ ಯುರೋಪಿನ ಅರಸರೆಂದೊಡನೆ ಕಣ್ಸನ್ನೆಯಲ್ಲೇ ರಾಜ್ಯವಾಳಿದ ನಿರಂಕುಶ ಪ್ರಭುಗಳ ಚಿತ್ರ ನಿಮ್ಮ ಮನದಲ್ಲಿ ಮೂಡೀತು. ಶಾಲೆಯ ಪುಸ್ತಕಗಳು ಬಿಡಿಸಿಟ್ಟ ಚಿತ್ರವದು. ಆದರೆ ಭಟ್ಕಳ, ಹೊನ್ನಾವರ, ಕುಮಟೆಗಳ ಚರಿತ್ರೆಯನ್ನು ಓದುವಾಗ ನನಗೆ ಕಾಣುವ ಅರಸನೇ ಬೇರೆ. ಅವನ ಆಜ್ಞೆ ಅರಮನೆಯಿಂದ ಹೊರಟಷ್ಟು ಬಲವಾಗಿ ನಮ್ಮ ತೀರವನ್ನು ತಲುಪಿದ್ದು ವಿರಳ.

ಲಿಸ್ಬನ್ನಿನಿಂದ ಮಾರ್ಚ್-ಏಪ್ರಿಲ್ ವೇಳೆಗೆ ಹೊರಟ ಹಡಗು ಗೋವೆಯನ್ನು ಸೇರುತ್ತಿದ್ದುದು ಸೆಪ್ಟೆಂಬರಿನಲ್ಲಿ. ಮರುಪಯಣಕ್ಕೆ ಮತ್ತೆ ಗಾಳಿಯನ್ನು ಕಾಯಬೇಕು. ಅರಸ ಕೇಳಿದ ಪ್ರಶ್ನೆಗೆ ಉತ್ತರ ಕೈಸೇರುವಷ್ಟರಲ್ಲಿ ಸುಮಾರು ಒಂದೂವರೆ ವರುಷ. 1542ರಲ್ಲಿ ಭಟ್ಕಳವನ್ನು ಸೂರೆಗೈದ, 1569ರಲ್ಲಿ ಹೊನ್ನಾವರವನ್ನು ಹಿಡಿದ ಪೋರ್ಚುಗೀಸರಿಗೆ ಬೇಕಾದದ್ದು ಕರಿಮೆಣಸು. ಯುರೋಪಿಗೆ ಅದನ್ನು ಸಾಗಿಸುವ ಹಕ್ಕನ್ನು ಅರಸ ತನ್ನದೆಂದು ಸಾರಿದ್ದ. ಆದರೆ ಕೋಟೆಗಳ ಅಧಿಪತ್ಯವನ್ನು ಸೇವೆಗೆ ಮೆಚ್ಚುಗೆಯಾಗಿ ಮೂರು ಮೂರು ವರುಷಗಳ ಅವಧಿಗೆ ಕೊಡುವ ಪದ್ಧತಿಯಿತ್ತು. ಸರದಿಗಾಗಿ ವರ್ಷಗಟ್ಟಲೆ ಕಾದವನು ಆ ಮೂರು ವರುಷಗಳಲ್ಲಿ ಸ್ವಂತ ವ್ಯಾಪಾರದಿಂದ ಬಾಚಿಕೊಳ್ಳದೆ ಬಿಟ್ಟಾನೆಯೇ? ಕಳ್ಳವ್ಯಾಪಾರವನ್ನು ತಡೆಯಬೇಕಾದವನೇ ಅನೇಕ ಕಡೆ ಅದರ ಪಾಲುದಾರನಾದ. ತನ್ನ ಸೇವಕರಿಗೆ ತಕ್ಕ ಸಂಬಳ ಕೊಡಲಾರದ ಅರಸ ತನ್ನ ಅಧಿಕಾರವನ್ನೇ ಸಂಬಳವಾಗಿ ಹಂಚಿದನೆಂದು ನನಗೆ ತೋರುತ್ತದೆ. ಫ್ರಾನ್ಸಿನ ದೊರೆಗಳೂ ಹುದ್ದೆಗಳನ್ನು ಮಾರಿಯೇ ಬೊಕ್ಕಸ ತುಂಬುತ್ತಿದ್ದರು. ಕೊಂಡವರು ಅವನ್ನು ಮಕ್ಕಳಿಗೆ ಆಸ್ತಿಯಂತೆ ಬಿಟ್ಟುಹೋಗುತ್ತಿದ್ದರು.

ಇತ್ತ ಶರಾವತಿಯ ದಡದ ಗೇರುಸೊಪ್ಪೆಯಲ್ಲಿ ರಾಣಿ ಚೆನ್ನಭೈರಾದೇವಿ ಸುಮಾರು 1552ರಿಂದ 1606ರವರೆಗೆ ಆಳಿದಳು. ಪೋರ್ಚುಗೀಸರು ಅವಳನ್ನು ಕರೆದದ್ದು ಕರಿಮೆಣಸಿನ ರಾಣಿಯೆಂದು. ಕುಮಟೆಯ ಸಮೀಪದ ಮಿರ್ಜಾನ್ ಕೋಟೆಯನ್ನು ಕಟ್ಟಿಸಿದವಳು ಅವಳೇ ಎಂಬುದು ನಮ್ಮ ಸೀಮೆಯ ನಂಬಿಕೆ. ಬಂದರಿನ ಬಾಯಿ ಪರಂಗಿಗಳ ಕೈಸೇರಿದರೂ ಮೆಣಸು ಇಳಿದುಬರುವ ಹೊಳೆ, ಘಟ್ಟದ ದಾರಿಗಳು ಅವರ ವಶವಾಗಲಿಲ್ಲ. ಹಾಗೆಂದು ರಾಣಿ ನಿಶ್ಚಿಂತಳಾಗಿರಲಿಲ್ಲ. 1565ರಲ್ಲಿ ವಿಜಯನಗರ ಸೋತ ಮೇಲೆ ನಾಯಕರೆಲ್ಲ ತಮಗೆ ತಾವೇ ಒಡೆಯರಾಗತೊಡಗಿದ್ದರು. ಕೊನೆಗೆ ಅವಳ ರಾಜ್ಯ ಕೆಳದಿಯ ವೆಂಕಟಪ್ಪ ನಾಯಕನ ಪಾಲಾಯಿತು. 1623ರಲ್ಲಿ ಹೊನ್ನಾವರದಿಂದ ಇಕ್ಕೇರಿಗೆ ಹೊರಟ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಕಂಡದ್ದು ಪಾಳುಬಿದ್ದ ಗೇರುಸೊಪ್ಪೆಯನ್ನು.

ಲಿಸ್ಬನ್ನಿಗೆ ಒಲಿಯದ ವಿದ್ಯೆ ಕೆಳದಿಯ ಶಿವಪ್ಪ ನಾಯಕನಿಗೆ ಒಲಿಯಿತು. ಹೊಲಗದ್ದೆಗಳನ್ನು ಅಳೆಸಿ, ಮಣ್ಣಿನ ಗುಣ ನೋಡಿ ಅವನು ಗೊತ್ತುಮಾಡಿದ ಕಂದಾಯ 'ಶಿಸ್ತು' ಎಂದೇ ಹೆಸರಾಯಿತು. 1652-54ರ ಸುಮಾರಿಗೆ ಬಸ್ರೂರು, ಹೊನ್ನಾವರಗಳಿಂದ ಪೋರ್ಚುಗೀಸರು ಹೊರಬಿದ್ದರು.

ಓದುಗರೇ, ಈ ಕಥೆ ನಮ್ಮ ಪೂರ್ವಿಕರ ಮನೆಬಾಗಿಲಿಗೆ ಬರುವುದು ಇಲ್ಲಿ. ಹೊಸದಾಗಿ ತಲುಪಿದ ನಾಡುಗಳಲ್ಲಿ ದೇವಾಲಯಗಳನ್ನು ಪೋಷಿಸುವ, ಧರ್ಮಾಧ್ಯಕ್ಷರನ್ನು ಸೂಚಿಸುವ ಹಕ್ಕನ್ನು ಜಗದ್ಗುರುಗಳು ಪೋರ್ಚುಗಲ್ಲಿನ ಅರಸರಿಗೆ ಕೊಟ್ಟಿದ್ದರು. ಅದೇ 'ಪಾದ್ರುವಾದೊ'. ಕೋಟೆಯೇ ಕೈತಪ್ಪಿದ ಊರಿನಲ್ಲಿ ಆ ಹಕ್ಕು ಉಳಿಯುತ್ತದೆಯೇ? ಇಲ್ಲವೆಂದಿತು ರೋಮಿನಲ್ಲಿ 1622ರಲ್ಲಿ ಸ್ಥಾಪನೆಯಾದ ಪ್ರೊಪಗಾಂಡ ಫಿದೆ, ಉಂಟೆಂದಿತು ಗೋವೆ. ರೋಮ್ ಕಳುಹಿಸಿದ ಧರ್ಮಾಧ್ಯಕ್ಷ ತೋಮಾಸ್ ದ ಕಾಸ್ತ್ರೊ ಒಂದು ಕಡೆ, ಗೋವೆಯ ಮಹಾಧರ್ಮಾಧ್ಯಕ್ಷರ ಗುರುಗಳು ಇನ್ನೊಂದು ಕಡೆ. ನಡುವೆ ಸಿಲುಕಿದವರು ವಿಶ್ವಾಸಿಗಳು. ಮಗುವಿಗೆ ದೀಕ್ಷಾಸ್ನಾನ, ಮದುವೆ, ಸಾಯುವವರಿಗೆ ಅಂತ್ಯಾಭ್ಯಂಗ, ಇವಕ್ಕೆ ಯಾವ ಗುರುವನ್ನು ಕರೆಯಬೇಕು? ಅರಸರ ಅಧಿಕಾರದ ಲೆಕ್ಕಾಚಾರದಲ್ಲಿ ಈ ಪ್ರಶ್ನೆಗೆ ಜಾಗವಿರಲಿಲ್ಲ.

1681ರಲ್ಲಿ ಗೋವೆ ಇಲ್ಲಿಗೆ ಕಳುಹಿಸಿದ್ದು ಜೋಸೆಫ್ ವಾಜರನ್ನು. 2015ರಲ್ಲಿ ಸಂತಪದವಿಗೇರಿದ ಅದೇ ವಾಜರನ್ನು. ತಮ್ಮನ್ನು ಕಳುಹಿಸಿದವರ ಹಕ್ಕನ್ನು ಬಿಟ್ಟುಕೊಡದೆ, ಆದರೆ ಕಾಸ್ತ್ರೊ ಅವರೊಡನೆ ಹಗೆಯನ್ನೂ ಬೆಳೆಸದೆ, ಮೂರು ವರುಷ ಕೆನರಾದಲ್ಲಿ ದುಡಿದರು. ಜಗಳವಂತೂ ತೀರಲಿಲ್ಲ. ಮಂಗಳೂರು, ಮುಂಬಯಿ, ಕೊಚ್ಚಿ ಮೊದಲಾದ ಪೀಠಗಳಿಗೆ ಧರ್ಮಾಧ್ಯಕ್ಷರನ್ನು ಸೂಚಿಸುವ ತನ್ನ ಹಕ್ಕನ್ನು ಪೋರ್ಚುಗಲ್ ಬಿಟ್ಟುಕೊಟ್ಟದ್ದು 1950ರಲ್ಲಿ. ಆ ದೇಶದಲ್ಲಿ ಅರಸರೇ ಇಲ್ಲವಾಗಿ ಆಗ 40 ವರುಷಗಳು ಕಳೆದಿದ್ದವು.