ಕಾರಿನ ಚಾತುರ್ಮಾಸ್ಯ

ಯತಿಗಳು ಆಷಾಢದಲ್ಲಿ ಒಂದೆಡೆ ನೆಲೆನಿಂತು, ಮಳೆಗಾಲದಲ್ಲಿ ಸಂಚಾರವನ್ನು ವರ್ಜಿಸುವರಷ್ಟೆ; ಕುಮಾರಸ್ವಾಮಿ ಲೇಔಟಿನ ನಮ್ಮ ಮನೆಯಲ್ಲಿ ಆ ವ್ರತವನ್ನು ಚ್ಯುತಿಯಿಲ್ಲದೆ ಪಾಲಿಸುತ್ತಿರುವುದು ಒಂದು ಕೆಂಪು ಕಾರು. ಶೀತದೇಶಗಳಲ್ಲಿ ಇಂಥ ವಿಲಾಸವಾಹನಗಳ ವಿಶ್ರಾಂತಿಗೆ ಹಿಮಕಾಲವೇ ನಿಯತವಾದುದು. ಹಿಮವನ್ನು ಕರಗಿಸಲೆಂದು ರಸ್ತೆಗೆ ಎರಚುವ ಉಪ್ಪು ಲೋಹವನ್ನು ತಿಂದುಹಾಕುವುದರಿಂದ, ಅಲ್ಲಿನವರು ಚಳಿ ಹತ್ತುವ ಮೊದಲೇ ಅವನ್ನು ಒಳಗಿಟ್ಟು ವಸಂತದಲ್ಲಿ ಹೊರತೆಗೆಯುತ್ತಾರೆ. ಜರ್ಮನಿಯಲ್ಲಂತೂ 1997ರಿಂದ, ವರ್ಷದ ಕೆಲವು ತಿಂಗಳು ಮಾತ್ರ ಓಡಿಸಲು ಸಲ್ಲುವ ಸಂಖ್ಯಾಫಲಕವೇ ದೊರೆಯುತ್ತದೆ, ಆ ತಿಂಗಳುಗಳ ಅಂಕೆಯನ್ನು ಫಲಕದ ಅಂಚಿನಲ್ಲಿ ನಮೂದಿಸಿರುತ್ತಾರೆ. ನಮ್ಮ ಬೆಂಗಳೂರಿನ ಚಳಿಗಾಲವೋ, ತಲೆಯ ಮೇಲಿನ ಬಟ್ಟೆಯ ಮಾಡನ್ನು ಮಡಚಿ ಕನಕಪುರ ರಸ್ತೆಯಲ್ಲಿ ಎಳೆಬಿಸಿಲು ಕಾಯಿಸುತ್ತ ಹೋಗುವುದಕ್ಕೆಂದೇ ಸೃಷ್ಟಿಯಾದ ಋತು. ಇಲ್ಲಿ ಅಂಜಬೇಕಾದದ್ದು ಮಳೆಗೆ. ಅದರಲ್ಲಿಯೂ ಜೂನಿನ ಜಿನುಗಿಗಲ್ಲ, ಸೆಪ್ಟೆಂಬರ್ ಅಕ್ಟೋಬರುಗಳ ಸಂಜೆಯ ಸುರಿತಕ್ಕೆ.

ಕಾರಿನ ಹೆಸರು ಸ್ಯಾನ್ ಸ್ಟಾರ್ಮ್. ಇಬ್ಬರಿಗೆ ಮಾತ್ರ ಆಸನ, ಫೈಬರ್‌ಗ್ಲಾಸಿನ ಮೈ, ಫ್ರಾನ್ಸಿನ ರೆನೋ ಕಂಪನಿಯ 1149 ಸಿಸಿ ಎಂಜಿನ್ನು, ಸುಮಾರು 60 ಅಶ್ವಶಕ್ತಿ. 1998ರಲ್ಲಿ ಇದು ಪ್ರಕಟವಾದಾಗ, ಅಂಬಾಸಡರನ್ನೂ ಮಾರುತಿಯನ್ನೂ ಬಿಟ್ಟು ಬೇರೆ ಕಾರನ್ನು ಹತ್ತಿರದಿಂದ ಕಂಡರಿಯದ ನನ್ನಂಥ ತರುಣರಿಗೆ, ಭಾರತದಲ್ಲಿಯೂ ಹೀಗೊಂದು ಕ್ರೀಡಾರಥವು ಹುಟ್ಟಬಲ್ಲುದೆಂಬುದೇ ರೋಮಾಂಚನದ ಸಂಗತಿಯಾಗಿದ್ದಿತು. ಅದು ತಯಾರಾಗುತ್ತಿದ್ದುದು ಗೋವದಲ್ಲಿಯಾದರೂ ಮೂಲಸಂಸ್ಥೆ ನಮ್ಮ ವೈಟ್‌ಫೀಲ್ಡಿನ ಸ್ಯಾನ್ ಎಂಜಿನಿಯರಿಂಗ್ ಅಂಡ್ ಲೋಕೋಮೋಟಿವ್ ಕಂಪನಿ. ಈ ಕಂಪನಿಯ ಮುಖ್ಯ ವೃತ್ತಿ ಕಾರಲ್ಲ. ಕಾರ್ಖಾನೆಗಳ ಅಂಗಳದಲ್ಲಿ ವ್ಯಾಗನ್ನುಗಳನ್ನು ಹಿಂದಕ್ಕೂ ಮುಂದಕ್ಕೂ ತಳ್ಳಿ ಜೋಡಿಸುವ, ಶಂಟಿಂಗಿನ ಡೀಸೆಲ್ ಎಂಜಿನ್ನುಗಳನ್ನು ಕಟ್ಟುವುದು. ವೇಗಕ್ಕಾಗಿ ಜನ್ಮ ತಾಳಿದ ಕಾರಿನ ವಂಶಮೂಲದಲ್ಲಿ ಶಂಟಿಂಗಿನ ಸಂಸ್ಕಾರವಿದ್ದುದು ನನಗೆ ತಿಳಿದದ್ದು ಬಹುಕಾಲದ ತರುವಾಯ, ಅದನ್ನು ಎರಡನೆಯ ಕೈಯಿಂದ ಕೊಂಡು ಮನೆಯೊಳಕ್ಕೆ ತುರುಕುವ ಕಷ್ಟವನ್ನು ಅನುಭವಿಸತೊಡಗಿದ ಮೇಲೆ. ತಂದೆಯವರು ಇದ್ದಿದ್ದರೆ, "ಇಬ್ಬರು ಕೂರೋ ಕಾರಿಗೆ ಇಷ್ಟು ದುಡ್ಡೇನಪ್ಪಾ" ಎನ್ನುತ್ತಿದ್ದರು. ಉತ್ತರ ನನ್ನಲ್ಲಿ ಇಂದಿಗೂ ಇಲ್ಲ.

ಅವರು ಈ ಮನೆಯನ್ನು ಕಟ್ಟಿಸಿದ ಕಾಲದಲ್ಲಿ 30×40ರ ಸೈಟೆಂದರೆ ಬಾವಿ, ತೆಂಗಿನ ಮರ, ತುಳಸಿಕಟ್ಟೆ, ಒಂದು ಸ್ಕೂಟರು ಇವಿಷ್ಟರ ಲೆಕ್ಕವೇ ಹೊರತು ಕಾರಿನದಲ್ಲ. ನೆರೆಯವರೆಲ್ಲ ಕಾರು ಕೊಳ್ಳುತ್ತಾರೆಂದು ಮೇಸ್ತ್ರಿ ಹೇಳಿದ ಮೇಲೆ, ಮಹಡಿಯ ಮೆಟ್ಟಿಲಿನ ಪಕ್ಕದಲ್ಲಿ ಮನಸ್ಸಿಲ್ಲದ ಮನಸ್ಸಿನಿಂದ ಒಂದು ಶೆಡ್ಡನ್ನು ಬಿಡಿಸಿದರು. ಬಡಾವಣೆಯ ನೆಲವೋ ಏರುತಗ್ಗುಗಳ ಸಂತೆ. ನಮ್ಮ ರಸ್ತೆ ಒಂದೇ ಸಮನೆ ಇಳಿಯುತ್ತ ಹೋದರೆ, ಚರಂಡಿಯ ಚಪ್ಪಡಿಯನ್ನು ದಾಟಿ ಶೆಡ್ಡಿಗೆ ಏರುವ ಇಳಿಜಾರು ಅದಕ್ಕೆ ಅಡ್ಡವಾಗಿ ನಿಂತಿದೆ. ನೆಲಕ್ಕೆ ಮೈಯೊತ್ತಿ ಕುಳಿತ ಕಾರು ಇಂಥ ಕೋನವನ್ನು ನೇರವಾಗಿ ಹತ್ತಿದರೆ ಹೊಟ್ಟೆ ಉಜ್ಜದೆ ಬಿಡದು. ಆದಕಾರಣ ಹಲಗೆಗಳನ್ನು ಹಾಸಿ ಏರನ್ನು ಉದ್ದ ಮಾಡಿ, ಒಂದೊಂದೇ ಗಾಲಿ ಮೇಲೇರುವಂತೆ ಓರೆಯಾಗಿ ತರಬೇಕು.

ಅದೂ ಹಿಮ್ಮುಖವಾಗಿ. ಮುಖ ಮುಂದಾಗಿ ನುಗ್ಗುವುದು ಸುಲಭವೆಂದು ನೋಡುವವರಿಗೆ ತೋರುವುದು ಸಹಜ. ಆದರೆ ತಿರುಗುವ ಗಾಲಿಗಳು ಮುಂದಿನವು, ಹಿಂದಿನವು ತಿರುವಿನ ಒಳಮಗ್ಗುಲಿಗೇ ಎಳೆಯುವಂಥವು. ಮೂತಿ ನಿರಾಯಾಸವಾಗಿ ಒಳಸೇರಿದರೂ ಪಕ್ಕೆ ಕಂಬಕ್ಕೆ ತಗುಲಿಯೇ ತೀರುವುದು. ಹಿಂದಕ್ಕೆ ಬಂದರೆ ಹಿಂದಿನ ಗಾಲಿಗಳು ಮೊದಲು ಬಾಗಿಲಿನ ರೇಖೆಗೆ ಒದಗಿ, ಓಲಾಡಬೇಕಾದ ಮೂತಿ ರಸ್ತೆಯ ವಿಶಾಲದಲ್ಲಿ ಓಲಾಡಿಕೊಳ್ಳುತ್ತದೆ. ಈ ಹೊತ್ತಿನಲ್ಲಿ ಬೀದಿಯ ಸಮಸ್ತರೂ ಸಾರಥಿಗಳಾಗುವರು. "ಬರ್ಲಿ, ಬರ್ಲಿ, ಬಲಕ್ಕೆ ಫುಲ್ ಕಟ್ ಹೊಡೀರಿ ಸಾರ್" ಎಂದು ಒಬ್ಬ, "ಸ್ಟೇರಿಂಗ್ ಸೀದಾ ಮಾಡಿ" ಎಂದು ಮತ್ತೊಬ್ಬ, "ಸಾಕು ಸಾಕು" ಎಂದು ಮೇಲುಮಹಡಿಯಿಂದ ಏನೂ ಕಾಣದ ಮೂರನೆಯವರು. ನನ್ನ ಮನೆಯಾಕೆ ಕಳೆದ ಕೆಲವು ವರ್ಷಗಳಿಂದ ಇವರೆಲ್ಲರಿಗೆ ಕಾಫಿ ಕೊಟ್ಟು ಬಾಯಿ ಕಟ್ಟುವ ಉಪಾಯ ಹೂಡಿದ್ದಾಳೆ. ಕೂಗುವ ಕಂಠವು ಅವಳದೊಂದೇ ಆದಂದಿನಿಂದ ಕಾರು ತೊಡಕಿಲ್ಲದೆ ಒಳಬರುತ್ತಿದೆ.

ಇಳಿಜಾರನ್ನು ಏರಿದೊಡನೆ ಎಂಜಿನ್ನನ್ನು ಆರಿಸಿ, ಉಳಿದ ಅಡಿಗಳನ್ನು ಕೈಯಿಂದಲೇ ತಳ್ಳುವುದು ಕ್ಷೇಮ, ಏಕೆಂದರೆ ಕ್ಲಚ್ಚಿನ ಮೇಲೆ ಅಂಗುಲ ಅಂಗುಲವಾಗಿ ಜರುಗಿಸುವವನ ಕಾಲು ಒಮ್ಮೆ ನಡುಗಿದರೂ ಗೋಡೆ ಸಿದ್ಧವಾಗಿರುತ್ತದೆ. ತಳ್ಳುವ ಕೈ ಫೈಬರಿನ ತೆಳುಮೈಯನ್ನು ಒತ್ತಲಾಗದು, ಅದು ಬಿರಿಯುವುದು. ಗಾಲಿಯನ್ನೇ ಹಿಡಿದು ಉರುಳಿಸಬೇಕು. ತಳ್ಳುವವರೊಡನೆ ಮರದ ಬೆಣೆ ಹಿಡಿದು ಗಾಲಿಯ ಹಿಂದೆಯೇ ಸರಿಯುವ ಇನ್ನೊಬ್ಬನಿರುವುದು, ಲಾರಿಯ ಕ್ಲೀನರುಗಳಿಂದ ಕಲಿತ ವಿದ್ಯೆ. ಶೆಡ್ಡಿನ ಮಾಡಿನಿಂದ ಇಳಿಬಿಟ್ಟ ಗಾರೆಯವರ ತೂಗುಗುಂಡು ಕಾರಿನ ಹಿಂಬದಿಯನ್ನು ಮುಟ್ಟಿತೆಂದರೆ ನಿಲ್ಲಬೇಕು. ಎಡಗಡೆ ನಾಲ್ಕು ಬೆರಳು, ಬಲಗಡೆ ಒಬ್ಬನು ಓರೆಯಾಗಿ ನಿಲ್ಲುವಷ್ಟು ಎಡೆ, ಬಾಗಿಲು ತೆರೆಯದು. ತಲೆಮೇಲೆ ಮಾಡಿಲ್ಲದ ಕಾರಿನ ಮಹೋಪಕಾರವು ಇಲ್ಲಿಯೇ ಪ್ರಕಟವಾಗುವುದು: ಸಾರಥಿ ಎದ್ದು ನಿಂತು ಬಾಗಿಲಿನ ಮೇಲಿಂದ ಕಾಲು ದಾಟಿಸಿ ಇಳಿಯಬಹುದು, ಪಂಚೆ ಉಟ್ಟಿರದಿದ್ದರೆ.

ಮುಂದಿನ ಉಪಚಾರ ಅಲ್ಪ. ಬಟ್ಟೆಯ ಮಾಡನ್ನು ಒಣಗಿಸಿ ಏರಿಸುವುದು, ಮಡಚಿಟ್ಟರೆ ಬೂಷ್ಟು ಹಿಡಿದೀತೆಂದು. ಬ್ಯಾಟರಿಯ ಋಣದ ತಂತಿಯನ್ನು ಕಳಚುವುದು. ಟೈರಿಗೆ ಗಾಳಿ ತುಸು ಹೆಚ್ಚಿಸುವುದು. ಇಲಿಗಳಿಗೆ ಹೆದರಿ ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕುವುದು. ಹ್ಯಾಂಡ್‌ಬ್ರೇಕು ಹಾಕಲಾಗದು, ತೇವದಲ್ಲಿ ಅದು ಕಚ್ಚಿಕೊಂಡರೆ ಬಿಡಿಸುವುದು ಪ್ರಯಾಸ. ಗೇರಿನಲ್ಲಿಟ್ಟು ಗಾಲಿಗೆ ಕಲ್ಲು ಕೊಟ್ಟರಾಯಿತು.

ಆದರೆ ಆಯುಧಪೂಜೆಯು ಮಳೆ ಮುಗಿಯುವುದನ್ನು ಕಾಯುವುದಿಲ್ಲ. ಗಾಲಿಯ ಕೆಳಗೆ ನಿಂಬೆಹಣ್ಣು ಅಪ್ಪಚ್ಚಿಯಾಗದ ಪೂಜೆಯನ್ನು ನನ್ನ ತಾಯಿ ಪೂಜೆಯೆಂದು ಒಪ್ಪುವವರಲ್ಲ. ಬ್ಯಾಟರಿ ಕಳಚಿದೆ, ಬಟ್ಟೆ ತುರುಕಿದೆ ಎಂಬ ನನ್ನ ಸಮಜಾಯಿಷಿಗಳು ಅವರ ಕಿವಿಗೆ ಬೀಳವು. ಆದ್ದರಿಂದ ಪ್ರತಿ ದಸರೆಯಲ್ಲಿಯೂ ಕಲ್ಲನ್ನು ಗೇಣುದ್ದ ಮುಂದಿಟ್ಟು, ಗೇರು ಬಿಡಿಸಿ, ನಾವು ಮೂವರು ಗಾಲಿ ಹಿಡಿದು ಹಣ್ಣು ಸಿಡಿಯುವಷ್ಟು ದೂರ ಉರುಳಿಸುತ್ತೇವೆ. ಸಿಡಿದ ಶಬ್ದ ಕೇಳಿದ ಮೇಲೆಯೇ ಅಮ್ಮ ಆರತಿಯ ತಟ್ಟೆಯನ್ನು ಸ್ಕೂಟರಿನ ಕಡೆಗೆ ತಿರುಗಿಸುವುದು. ಆಮೇಲೆ ಮತ್ತೆ ಶಂಟಿಂಗು: ಕಾರನ್ನು ತೂಗುಗುಂಡಿನವರೆಗೆ ಹಿಂದಕ್ಕೆ ತಳ್ಳಿ, ಕಲ್ಲು ಕೊಟ್ಟು, ಕಡಲೆಪುರಿಗೆ ಕೈಯೊಡ್ಡುತ್ತೇವೆ.