ಮಂಜೊಟ್ಟಿಗೆ ಒಂದು ಮೂಗಿನಷ್ಟು ದೂರ

ಕಂಬಳದ ವೇಳಾಪಟ್ಟಿ ಕೈಗೆ ಬಂದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ತಾರೀಖುಗಳಲ್ಲ, ಹೆಸರುಗಳು. ಬಂಟ್ವಾಳ ತಾಲೂಕಿನ ಹೊಕ್ಕಾಡಿಗೋಳಿಯಲ್ಲಿ ವೀರ-ವಿಕ್ರಮ, ಕಕ್ಯಪದವಿನಲ್ಲಿ ಸತ್ಯ-ಧರ್ಮ. ಮೂಡುಬಿದಿರೆಯಲ್ಲಿ ಕೋಟಿ-ಚೆನ್ನಯ. ಬೆಳ್ತಂಗಡಿ ತಾಲೂಕಿನ ವೇಣೂರು-ಪೆರ್ಮುಡದಲ್ಲಿ ಸೂರ್ಯ-ಚಂದ್ರ. ಕೆಸರುನೀರು ತುಂಬಿದ ಎರಡು ನೀಳ ಕಾಲುವೆಗಳಿಗೆ ಇಂಥ ಹೆಸರು! ಜೋಡುಕರೆ ಎಂದ ಮೇಲೆ ಎರಡಕ್ಕೂ ಗುರುತು ಬೇಕು, ಸರಿ. ಆದರೆ ನಡುರಾತ್ರಿ ಧ್ವನಿವರ್ಧಕದಲ್ಲಿ ‘ಸತ್ಯದ ಕರೆಯಲ್ಲಿ ಇಂಥವರ ಕೋಣ, ಧರ್ಮದ ಕರೆಯಲ್ಲಿ ಇಂಥವರ ಕೋಣ’ ಎಂದು ಕೂಗುವುದನ್ನು ಕೇಳಿ ನೋಡಿ. ಇವತ್ತು ಇವೆರಡರಲ್ಲಿ ಯಾವುದು ಗೆಲ್ಲುತ್ತದೋ ಎಂದು ಮೈ ಜುಮ್ಮೆನ್ನದಿದ್ದರೆ ಹೇಳಿ.

ನಾನು ಹಾಸನದ ಕಡೆಯವನು. ನಮ್ಮಲ್ಲಿ ಕೋಣ ನೆನಪಾಗುವುದು ಮಾರಿಹಬ್ಬಕ್ಕೆ, ಇಲ್ಲವೇ ಯಾರನ್ನಾದರೂ ಬೈಯುವುದಕ್ಕೆ. ಶಿರಾಡಿ ಘಾಟಿ ಇಳಿದ ಮೇಲೆ ಅದೇ ಕೋಣ ಮನೆತನದ ಮಾನ. ಬಿ.ಸಿ. ರೋಡಿನ ಗೆಳೆಯರೊಬ್ಬರು ಸಿದ್ಧಕಟ್ಟೆಯ ಕಡೆಯ ಒಂದು ಮನೆಗೆ ಕರೆದೊಯ್ದರು. ಹಟ್ಟಿಯಲ್ಲಿ ಫ್ಯಾನು ತಿರುಗುತ್ತಿತ್ತು. ಒಲೆಯ ಮೇಲೆ ಹುರುಳಿ ಬೇಯುತ್ತಿತ್ತು. ಹುಡುಗನೊಬ್ಬ ಎರಡು ಎಳೆಯ ಕೋಣಗಳ ಮೈಗೆ ಎಣ್ಣೆ ಉಜ್ಜುತ್ತಿದ್ದ. ಬೆನ್ನು, ತೊಡೆ, ಗೊರಸಿನ ಸಂದು, ಯಾವುದನ್ನೂ ಬಿಡದೆ. ನಮ್ಮನ್ನು ಕೂರಿಸಿದ ಜಗಲಿಯಲ್ಲಿ ಫ್ಯಾನು ಇರಲಿಲ್ಲ. ಯಜಮಾನರು ಅದನ್ನು ಗಮನಿಸಿದವರಂತೆ ನಕ್ಕು, “ಅವರು ಓಡುವವರು ಮಾರಾಯ್ರೆ, ನಾವು ನೋಡುವವರು ಅಲ್ವಾ?” ಎಂದರು.

ಆ ಜೋಡಿ ಓಡುವುದು ನೇಗಿಲು ಕಿರಿಯ ವಿಭಾಗದಲ್ಲಿ. ಕಿರಿಯ, ಹಿರಿಯ ಎಂಬುದನ್ನು ಹಲ್ಲು ನೋಡಿ ನಿರ್ಧರಿಸುತ್ತಾರೆ. ನೇಗಿಲು ಮತ್ತು ಹಗ್ಗ ಎರಡರಲ್ಲೂ ಕಿರಿಯ-ಹಿರಿಯ ಉಂಟು. ಜತೆಗೆ ಅಡ್ಡಹಲಗೆ, ಕನೆಹಲಗೆ. ಗಂತಿನಲ್ಲಿ ಬಿಟ್ಟರೆ ಮಂಜೊಟ್ಟಿಯಲ್ಲಿ ಮುಗಿಯಿತು. ನಡುವಿನ ದಾರಿ ಒಂದೊಂದು ಊರಿನಲ್ಲಿ ಒಂದೊಂದು ಉದ್ದ, ನೂರಿಪ್ಪತ್ತೈದು ಮೀಟರಿನಿಂದ ನೂರನಲವತ್ತರ ಆಚೆಯವರೆಗೆ. ಹದಿಮೂರು ಹದಿನಾಲ್ಕು ಸೆಕೆಂಡಿನ ಕೆಲಸ. ಅದಕ್ಕಾಗಿ ವರ್ಷವಿಡೀ ಒಂದು ಮನೆ ಏಳುತ್ತದೆ, ಮಲಗುತ್ತದೆ, ಸಾಲ ಮಾಡುತ್ತದೆ.

ಬಹುಮಾನದ ಲೆಕ್ಕ ಕೇಳಿದಾಗ ನನಗೆ ದಿಗಿಲಾಯಿತು. ಮೊದಲ ಬಹುಮಾನ ಎರಡು ಪವನ್ ಚಿನ್ನ, ಅಂದರೆ 16 ಗ್ರಾಂ. ಎರಡನೆಯದಕ್ಕೆ ಒಂದು ಪವನ್. ಮೂರನೆಯದಕ್ಕೆ? ಏನೂ ಇಲ್ಲ. ಲೀಗ್ ಗೆದ್ದು, ಕ್ವಾರ್ಟರ್ ಗೆದ್ದು, ಸೆಮಿಫೈನಲ್‌ನಲ್ಲಿ ಕೂದಲೆಳೆಯಲ್ಲಿ ಸೋತ ಕೋಣಗಳು ಬೆಳಿಗ್ಗೆಯೇ ಸೋತ ಕೋಣಗಳ ಹಾಗೆ ಬರಿಗೈಯಲ್ಲಿ ಲಾರಿ ಹತ್ತುತ್ತವೆ. ಸಿದ್ಧಕಟ್ಟೆಯ ಕಡೆಯ ಈ ಜೋಡಿ ಆ ವರ್ಷವಿಡೀ ಮಾಡಿದ್ದು ಇದನ್ನೇ. ನಾನು ಅದರ ಬೆನ್ನು ಹತ್ತಿ ಮೂರು ತಾಲೂಕು ತಿರುಗಿದೆ.

ಹೊಕ್ಕಾಡಿಗೋಳಿ ಅವರಿಗೆ ಮನೆಯಂಗಳದಷ್ಟೇ ಹತ್ತಿರ. ಆದರೂ ಲಾರಿಯಲ್ಲಿ ಹುಲ್ಲು, ಹುರುಳಿ, ಎಣ್ಣೆ, ಕೊನೆಗೆ ಕುಡಿಯುವ ನೀರು ಕೂಡ ಮನೆಯದೇ ಬಂತು. ಕೋಣಗಳ ಹಿಂದೆ ಇಡೀ ಒಂದು ದಿಬ್ಬಣ: ಬಿಡಿಸುವವರು, ಹಿಡಿಯುವವರು, ಮೈ ಒರೆಸುವವರು, ಸುಮ್ಮನೆ ಬಂದ ಭಾವಂದಿರು. ಓಡಿಸುವಾತ ಮಾತ್ರ ಅವರ ಮನೆಯವನಲ್ಲ. ಒಳ್ಳೆಯ ಓಟಗಾರನಿಗೆ ಒಂದೇ ರಾತ್ರಿ ಬೇರೆ ಬೇರೆ ಯಜಮಾನರ, ಬೇರೆ ಬೇರೆ ವಿಭಾಗದ ಕೋಣಗಳಿರುತ್ತವೆ. ಒಂದು ಓಟ ಮುಗಿಸಿ, ಮಂಜೊಟ್ಟಿಯ ಏರಿನಲ್ಲಿ ಉಸಿರು ಎಳೆದುಕೊಂಡು, ಮತ್ತೆ ಕರೆಯ ಬದಿಯಲ್ಲೇ ಗಂತಿಗೆ ನಡೆದು ಬರುವ ಆ ತೆಳ್ಳನೆಯ ಹುಡುಗರನ್ನು ನೋಡುತ್ತ ನಿಂತರೆ ಕೋಣಗಳೇ ಮರೆತುಹೋಗುತ್ತವೆ.

ಅಲ್ಲಿ ನಮ್ಮವರು ಕ್ವಾರ್ಟರ್‌ನಲ್ಲಿ ನಿಂತರು. ಎಡಗಡೆಯ ಕೋಣ ಗಂತಿನಲ್ಲಿ ಮುಖ ತಿರುಗಿಸಿ ನಿಂತಿತು, ತಿರುಗಿಸಿದ್ದನ್ನು ಸರಿಪಡಿಸುವಷ್ಟರಲ್ಲಿ ಬಲಗಡೆಯದು ತಾಳ್ಮೆಗೆಟ್ಟಿತು. ಯಜಮಾನರು ಸಿಟ್ಟಾಗಲಿಲ್ಲ. “ಎಳೆಯದು. ಜನ ನೋಡಿ ಹೆದರಿದ್ದು,” ಎಂದು ಅದರ ಕತ್ತು ಸವರಿದರು.

ಮೂಡುಬಿದಿರೆಯ ಕಂಬಳ ನಡೆಯುವುದು ಒಂಟಿಕಟ್ಟೆಯ ಕಡಲಕೆರೆಯಲ್ಲಿ. ಸುತ್ತ ಮರ, ಆಚೆ ಕೆರೆ, ನಡುವೆ ಹಗಲಾಗಿಸಿದ ದೀಪಗಳು. ಹಗಲಲ್ಲಿ ನೋಡಬೇಕಾದ್ದು ಕನೆಹಲಗೆ. ಇಲ್ಲಿ ಯಾರು ಮೊದಲು ಮುಟ್ಟಿದರು ಎಂಬುದು ಲೆಕ್ಕಕ್ಕೇ ಇಲ್ಲ. ನೀರು ಎಷ್ಟು ಎತ್ತರ ಹಾರಿತು ಎಂಬುದಷ್ಟೇ. ತೂತುಗಳಿರುವ ದಪ್ಪ ಹಲಗೆಯ ಮೇಲೆ ಕಾಲಿಟ್ಟು ಮನುಷ್ಯ ನಿಲ್ಲುತ್ತಾನೆ, ಕೋಣಗಳು ಎಳೆಯುತ್ತವೆ, ತೂತಿನಿಂದ ನೀರು ಚಿಮ್ಮುತ್ತದೆ. ಮೇಲೆ ಅಡ್ಡ ಕಟ್ಟಿದ ಬಟ್ಟೆಯೇ ನಿಶಾನೆ: ಆರೂವರೆ ಕೋಲು, ಏಳೂವರೆ ಕೋಲು. ಸಂಜೆ ಬಿಸಿಲಿನಲ್ಲಿ ಆ ನೀರಿನ ಗೋಡೆ ಎದ್ದು, ಅದರೊಳಗೆ ಮನುಷ್ಯ ಮಾಯವಾಗಿ, ಆಚೆ ಕಡೆಯಿಂದ ಮತ್ತೆ ಪ್ರತ್ಯಕ್ಷನಾದಾಗ ನಾನು ಕೂಗಿದೆ. ಏನು ಕೂಗಿದೆನೋ ಗೊತ್ತಿಲ್ಲ. ಪಕ್ಕದಲ್ಲಿದ್ದ ಅಜ್ಜ ನನ್ನ ಭುಜ ತಟ್ಟಿ, “ಘಟ್ಟದವರಾ?” ಎಂದು ಕೇಳಿದರು.

ಕರೆಗಳ ಹೆಸರಿನ ಕೋಟಿ-ಚೆನ್ನಯರು ತುಳು ಜನಪದ ಹಾಡುಗಳಾದ ಪಾಡ್ದನಗಳ ಅವಳಿ ವೀರರು, ದೇಯಿ ಬೈದೆತಿಯ ಮಕ್ಕಳು. ಗದ್ದೆಯ ಜಗಳದಲ್ಲಿ ಬುದ್ಯಂತನನ್ನು ಕೊಂದು ಪಡುಮಲೆ ಬಿಟ್ಟವರು, ಕೊನೆಗೆ ಎಣ್ಮೂರಿನ ಕಾಳಗದಲ್ಲಿ ಮಡಿದವರು. ಅಣ್ಣತಮ್ಮಂದಿರ ಹೆಸರಿನ ಕರೆಗಳಲ್ಲಿ ಯಾವುದು ಗೆದ್ದರೂ ಇನ್ನೊಂದು ಸೋಲಬೇಕಲ್ಲ ಎಂದು ಅಜ್ಜನನ್ನು ಕೇಳಿದೆ. ಅವರಿಗೆ ನನ್ನ ಪ್ರಶ್ನೆ ರುಚಿಸಲಿಲ್ಲ. “ಕೋಣ ಸೋಲುವುದು, ಕರೆ ಸೋಲುವುದುಂಟಾ?” ಎಂದರು.

ನಡುರಾತ್ರಿ ಕಳೆದು ಬಹಳ ಹೊತ್ತಾದ ಮೇಲೆ ನೇಗಿಲು ಕಿರಿಯದ ಸೆಮಿ ಬಂತು. ನೂರೈವತ್ತು, ಇನ್ನೂರು ಜೋಡಿ ಸೇರುವ ಕೂಟಗಳಿವು. ಬೆಳಿಗ್ಗೆ ಶುರುವಾದದ್ದು ಮರುದಿನ ಬೆಳಿಗ್ಗೆ ಮುಗಿದರೆ ಪುಣ್ಯ. ಈಗ ಗೆಲುವನ್ನು ಕಣ್ಣಳತೆಯಲ್ಲಿ ಹೇಳುವುದಿಲ್ಲ, ಲೇಸರ್ ಕಿರಣ ಹೇಳುತ್ತದೆ. ಹಿಂದೆ ಅನುಮಾನ ಬಂದರೆ ಇಬ್ಬರೂ ಸಮ ಎಂದು ಮತ್ತೆ ಓಡಿಸುವುದಿತ್ತು ಎಂದು ಅಜ್ಜ ನೆನೆದರು. ಯಂತ್ರಕ್ಕೆ ಅನುಮಾನವೇ ಬರುವುದಿಲ್ಲ. ನಮ್ಮ ಜೋಡಿ ಅದ್ಭುತವಾಗಿ ಓಡಿತು. ಗಂತಿನಲ್ಲಿ ಕಲ್ಲಿನ ಹಾಗೆ ನಿಂತು, ಬಿಟ್ಟೊಡನೆ ಗುಂಡಿಗೆ ನಡುಗಿಸುವ ಸದ್ದಿನೊಂದಿಗೆ ಹಾಯ್ದು ಹೋಯಿತು. ಕೆಸರು ನನ್ನ ಕನ್ನಡಕಕ್ಕೂ ಬಂತು. ಗೆದ್ದೆವೆಂದೇ ಎಲ್ಲರೂ ಹಾರಿದರು. ಆಮೇಲೆ ಘೋಷಣೆ: ಸೆಕೆಂಡಿನ ಕೆಲವೇ ಶತಾಂಶ ಹಿಂದೆ. ಪಕ್ಕದ ಕರೆಯ ಕೋಣ ಕೊನೆಯಲ್ಲಿ ಕತ್ತು ಚಾಚಿತ್ತಂತೆ.

ಹೀಗೆ ತಪ್ಪಿಹೋಗುವುದರ ಕಥೆಯನ್ನು ನಾನು ಬೇರೆಲ್ಲೋ ಕೇಳಿದ್ದೆ. ಅಮೆರಿಕದಲ್ಲಿರುವ ನನ್ನ ಸೋದರಳಿಯನಿಗೆ ಬೇಸ್‌ಬಾಲಿನ ಹುಚ್ಚು. ಅಲ್ಲಿ ಒಂದು ತಂಡ ಒಂದು ಋತುವಿಗೆ 162 ಪಂದ್ಯ ಆಡುತ್ತದೆ. 2024ರಲ್ಲಿ ಅವನ ಅರಿಜೋನ ಡೈಮಂಡ್‌ಬ್ಯಾಕ್ಸ್ 89 ಗೆದ್ದಿತು. ನ್ಯೂಯಾರ್ಕ್ ಮೆಟ್ಸ್, ಅಟ್ಲಾಂಟ ಬ್ರೇವ್ಸ್ ತಂಡಗಳದ್ದೂ ಸರಿಯಾಗಿ 89. ಈ ಮೂವರಲ್ಲಿ ಪ್ಲೇಆಫ್‌ನಲ್ಲಿ ಜಾಗ ಇದ್ದದ್ದು ಇಬ್ಬರಿಗೆ. ಸೆಪ್ಟೆಂಬರ್ 30ರಂದು ಮೆಟ್ಸ್ ಮತ್ತು ಬ್ರೇವ್ಸ್ ಒಂದೇ ದಿನ ಎರಡು ಪಂದ್ಯ ಆಡಿ ಒಂದೊಂದು ಹಂಚಿಕೊಂಡವು. ಸಮಬಲದ ನಿಯಮದಲ್ಲಿ ಅರಿಜೋನ ಹೊರಬಿತ್ತು, ಆ ದಿನ ಮೈದಾನಕ್ಕೇ ಇಳಿಯದೆ. ಹಿಂದಿನ ವರ್ಷ ವರ್ಲ್ಡ್ ಸೀರೀಸ್‌ವರೆಗೆ ಹೋಗಿದ್ದ ತಂಡ ಅದು. ಅಳಿಯ ಫೋನಿನಲ್ಲಿ ಬಹಳ ಹೊತ್ತು ಗೋಳಾಡಿದ್ದ. ಕಡಲಕೆರೆಯಲ್ಲಿ ನಿಂತಾಗ ಅನಿಸಿತು, ಇವರು ಎಷ್ಟೋ ವಾಸಿ. ಸೋಲಿಸಿದವರ ಮೈಯ ಬೆವರು ಮೂಗಿಗೆ ಬಡಿಯುವಷ್ಟು ಪಕ್ಕದಲ್ಲೇ ಇರುತ್ತಾರೆ.

ಋತುವಿಗೆ ಋತುವೇ ಕೈತಪ್ಪಿದ್ದೂ ಇವರಿಗೆ ಗೊತ್ತು. ಜಲ್ಲಿಕಟ್ಟಿನ ಬಗ್ಗೆ 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಬಿಸಿ ಇಲ್ಲಿಗೂ ತಟ್ಟಿತು. 2016ರ ನವೆಂಬರಿನಲ್ಲಿ, ಕರೆಗಳೆಲ್ಲ ಹದವಾಗಿ ನಿಂತ ಹೊತ್ತಿಗೆ, ಹೈಕೋರ್ಟ್ ತಡೆ ಬಂತು. ಸುಗ್ರೀವಾಜ್ಞೆ, ತಿದ್ದುಪಡಿ, 2018ರ ಫೆಬ್ರವರಿಯಲ್ಲಿ ರಾಷ್ಟ್ರಪತಿಗಳ ಅಂಕಿತ, ಕೊನೆಗೆ 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ತಿದ್ದುಪಡಿಯನ್ನು ಎತ್ತಿಹಿಡಿದಾಗ ಇವರು ಉಸಿರುಬಿಟ್ಟರು. ಓಡಿಸುವಾಗ ಕೋಣಗಳ ಮೇಲೆ ಬೀಳುವ ಬೆತ್ತದ ಬಗ್ಗೆ ನನ್ನ ಮನಸ್ಸು ಈಗಲೂ ಪೂರ್ತಿ ಒಪ್ಪಿಲ್ಲ. ಆ ಮಾತು ಎತ್ತಿದಾಗ ಯಜಮಾನರು ವಾದಕ್ಕಿಳಿಯದೆ ಹಟ್ಟಿಯ ಕಡೆ ಕೈ ತೋರಿಸಿದರು. ಮೂಡುಬಿದಿರೆಯಲ್ಲಿ ಸೋತ ಆ ರಾತ್ರಿ ಲಾರಿ ಮನೆಗೆ ತಲುಪಿದಾಗ ಮನುಷ್ಯರು ಕಾಫಿ ಕುಡಿಯುವ ಮೊದಲು ಕೋಣಗಳಿಗೆ ಬಿಸಿನೀರು ಸಿದ್ಧವಾಗಿತ್ತು. ಗೆದ್ದಿದ್ದರೂ ಅದೇ ನೀರು, ಅದೇ ಹದ.

ವೇಣೂರಿಗೆ ಹೋದದ್ದು ಸೆಕೆ ಶುರುವಾದ ಮೇಲೆ. ಬೇಗ ತಲುಪಿದ್ದರಿಂದ ಫಲ್ಗುಣಿಯ ದಡದ ಗೊಮ್ಮಟನನ್ನು ನೋಡಿ ಬಂದೆ. ತಿಮ್ಮಣ್ಣ ಅಜಿಲ 1604ರಲ್ಲಿ ನಿಲ್ಲಿಸಿದ 35 ಅಡಿಯ ಬಾಹುಬಲಿ. ಪಂಪನ ‘ಆದಿಪುರಾಣ’ದಲ್ಲಿ ಈತ ಅಣ್ಣ ಭರತನನ್ನು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಸೋಲಿಸುತ್ತಾನೆ. ಜಲಯುದ್ಧ ಎಂದರೆ ಮುಖಕ್ಕೆ ನೀರು ಎರಚುವುದು, ಎತ್ತರದವನದು ಮೇಲುಗೈ. ಕನೆಹಲಗೆಯ ನೀರನ್ನು ನೋಡಿ ಬಂದವನಿಗೆ ಆ ಪ್ರಸಂಗ ಬೇರೆಯೇ ಕಂಡಿತು. ಆದರೆ ಮೂಡುಬಿದಿರೆಯ ರತ್ನಾಕರವರ್ಣಿ 16ನೆಯ ಶತಮಾನದಲ್ಲಿ ‘ಭರತೇಶ ವೈಭವ’ ಬರೆದಾಗ ಭರತನನ್ನು ಆ ಸೋಲುಗಳಿಗೆ ಒಡ್ಡಲೇ ಇಲ್ಲ, ಅಲ್ಲಿ ಭರತ ಮಾತಿನಲ್ಲೇ ತಮ್ಮನ ಮನಸ್ಸು ತಿರುಗಿಸಿಬಿಡುತ್ತಾನೆ. ಗೆದ್ದವನನ್ನು ಕಲ್ಲಲ್ಲಿ ನಿಲ್ಲಿಸಿದ ವೇಣೂರಿಗೂ ಸೋತವನ ಪಕ್ಷ ಹಿಡಿದ ಕವಿಯ ಮೂಡುಬಿದಿರೆಗೂ ನಡುವೆ ಅರ್ಧ ಗಂಟೆಯ ಬಸ್ಸಿನ ದಾರಿ. ನನ್ನ ಒಲವು ಕವಿಯ ಕಡೆಗೆ, ಸಿದ್ಧಕಟ್ಟೆಯ ಕೋಣಗಳ ಸಹವಾಸದಿಂದ ಇರಬಹುದು.

ವೇಣೂರಿನ ಕರೆ ದೇಶಕ್ಕೆಲ್ಲ ಪರಿಚಿತವಾದದ್ದು 2020ರ ಫೆಬ್ರವರಿಯಲ್ಲಿ. ಆ ತಿಂಗಳ 1ರಂದು ಐಕಳದಲ್ಲಿ ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು ನೂರು ಮೀಟರಿಗೆ ಇಳಿಸಿ 9.55 ಎಂದರು. ವಿಶ್ವದಾಖಲೆಯ ಓಟಗಾರ ಉಸೇನ್ ಬೋಲ್ಟ್ ಬರ್ಲಿನ್‌ನಲ್ಲಿ ಓಡಿದ್ದು 9.58. ದೆಹಲಿಯಿಂದ ಕ್ರೀಡಾಸಚಿವರ ಕರೆ ಬಂತು, ಗೌಡರು ನಯವಾಗಿ ಬೇಡವೆಂದರು. ಆ ಗದ್ದಲ ಅಡಗುವ ಮೊದಲೇ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ ಅದೇ ಲೆಕ್ಕದಲ್ಲಿ 9.51ಕ್ಕೆ ತಂದಿಟ್ಟರು. ಮುಂದೆ ಎಳೆಯಲು ಎರಡು ಕೋಣಗಳಿರುವ ಓಟವನ್ನು ಒಂಟಿ ಮನುಷ್ಯನ ಓಟದ ಪಕ್ಕ ಇಡುವುದು ಸರಿಯಲ್ಲ. ಆದರೂ ಎರಡೇ ವಾರದಲ್ಲಿ ಪಕ್ಕದೂರಿನ ಹುಡುಗನೇ ಆ ಹೆಸರನ್ನು ದಾಟಿದ್ದು ನನಗೆ ಬೋಲ್ಟ್‌ಗಿಂತ ದೊಡ್ಡ ಸೋಜಿಗ.

ನಮ್ಮ ಜೋಡಿ ವೇಣೂರಿನಲ್ಲೂ ಸೆಮಿವರೆಗೆ ಬಂತು. ಚಂದ್ರ ಕರೆ. ಈ ಸಲ ಘೋಷಣೆಗೆ ಕಾಯಬೇಕಾಗಲಿಲ್ಲ. ಕೊನೆಯ ಹತ್ತು ಹೆಜ್ಜೆಯಲ್ಲಿ ಬಲಗಡೆಯ ಕೋಣ ಬಳಲಿ ಒಂದಿಷ್ಟು ಹಿಂದಾಯಿತು. ನೊಗ ವಾಲಿದ್ದು ದೂರದಿಂದಲೇ ಕಂಡಿತು. ಎಡಗಡೆಯದಕ್ಕೆ ಇನ್ನೂ ಓಟ ಉಳಿದಿತ್ತು. ಹೊಕ್ಕಾಡಿಗೋಳಿಯಲ್ಲಿ ಹೆದರಿ ಮುಖ ತಿರುಗಿಸಿದ್ದ ಅದೇ ಕೋಣ! ಮಂಜೊಟ್ಟಿಯ ಏರು ಹತ್ತಿದ ಮೇಲೂ ಅದು ನಿಲ್ಲಲೊಲ್ಲದೆ, ಹಿಡಿಯಲು ಬಂದ ನಾಲ್ಕು ಮಂದಿಯನ್ನು ಎಳೆದಾಡಿತು.

ಯಜಮಾನರ ಮುಖದಲ್ಲಿ ಬೇಸರ ಹುಡುಕಿದೆ. ಅವರು ನನ್ನ ಕೈ ಹಿಡಿದುಕೊಂಡು, “ನೋಡಿದ್ರಾ, ಎಡದ್ದು ನೋಡಿದ್ರಾ?” ಎಂದು ಎರಡೆರಡು ಸಲ ಕೇಳಿದರು. ಆಗಲೇ ಯಾರಿಗೋ ಫೋನ್ ಹಚ್ಚಿ ತುಳುವಿನಲ್ಲಿ ಮಾತಾಡತೊಡಗಿದ್ದರು. ಹಿಂದಿನಿಂದ ಅವರ ಭಾವ ನನಗೆ ಕನ್ನಡದಲ್ಲಿ ತಿಳಿಸಿದರು: ಕಕ್ಯಪದವಿನ ಕಡೆ ಬಲಕ್ಕೆ ಕಟ್ಟುವಂಥ ಒಂದು ಕೋಣ ಮಾರಾಟಕ್ಕೆ ಉಂಟಂತೆ, ರೇಟು ಕೇಳಿದರೆ ತಲೆ ತಿರುಗುತ್ತದಂತೆ.

ಫೋನ್ ಇಟ್ಟ ಯಜಮಾನರು ಲಾರಿಯ ಹುಡುಗನಿಗೆ ಬಿಸಿನೀರಿನ ಸುದ್ದಿ ಮನೆಗೆ ಮುಟ್ಟಿಸಲು ಹೇಳಿ, ನನ್ನ ಕಡೆ ತಿರುಗಿದರು. “ನಾಳೆ ಬೆಳಿಗ್ಗೆ ಹೋಗಿ ಹಲ್ಲು ನೋಡುವುದು. ನೀವು ಊರಿಗೆ ಹೋಗುವುದು ಸಂಜೆಯ ಬಸ್ಸಿಗಲ್ವಾ? ಬನ್ನಿ, ಬನ್ನಿ.”